ಸಬ್ಬಸಿಗೆಯ ಮೇಲಿನ ಹುಳು ಎಲ್ಲಿಯದು?

ಕಳೆದ ಬೇಸಿಗೆಯಲ್ಲಿ ಫ್ರೀಮಾಂಟಿನ ನಮ್ಮ ಹಿತ್ತಿಲಿನ ಸಬ್ಬಸಿಗೆ ಮಡಿಯ ಬಳಿಯಿಂದ ಅಮ್ಮ ನನ್ನನ್ನು ಕೂಗಿದರು. ಎಳೆಸೊಪ್ಪಿನ ಮೇಲೆ ಹಸಿರು ಮೈ, ಕಪ್ಪು ಪಟ್ಟೆ, ಹಳದಿ ಚುಕ್ಕೆಗಳ ಹುಳುವೊಂದು ಮೇಯುತ್ತಿತ್ತು. ಕಡ್ಡಿಯಿಂದ ಮುಟ್ಟಿದೊಡನೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲುಕೊಂಬನ್ನು ಹೊರಚಾಚಿತು. ಘಾಟು ವಾಸನೆ ಹರಡಿತು. "ತುಮಕೂರಲ್ಲಿ ನಮ್ಮ ಕರಿಬೇವಿನ ಹುಳಾನೂ ಹೀಗೇ ಮಾಡುತ್ತೆ ಕಣೋ" ಎಂದರು ಅಮ್ಮ. ಅವರ ಮಾತು ನಿಜ. ಕರಿಬೇವು ಮೇಯುವ ಕಾಮನ್ ಮಾರ್ಮನ್ ಮತ್ತು ಇಲ್ಲಿನ ಅನಿಸ್ ಸ್ವಾಲೋಟೇಲ್ ಎರಡೂ ಪ್ಯಾಪಿಲಿಯೊ ಎಂಬ ಒಂದೇ ಕುಲದ ಚಿಟ್ಟೆಗಳು.

ಅನಿಸ್ ಸ್ವಾಲೋಟೇಲ್ ಎಲೆಗಳ ಮೇಲೆ ಒಂದೊಂದಾಗಿ ತಿಳಿಹಳದಿ ಮೊಟ್ಟೆಗಳನ್ನಿಡುತ್ತದೆ. ಹೊರಬರುವ ಕಪ್ಪು ಮರಿಹುಳುವಿನ ಬೆನ್ನಿನಲ್ಲಿ ಬಿಳಿಯ ಮಚ್ಚೆ. ನೋಡಿದವರಿಗೆ ಹಕ್ಕಿಯ ಹಿಕ್ಕೆಯಂತೆಯೇ ಕಾಣುತ್ತದೆ, ಅದೇ ಅದಕ್ಕೆ ರಕ್ಷಣೆ. ಪೊರೆ ಕಳಚುತ್ತ ಬೆಳೆದಂತೆ ಹಸಿರಾಗುತ್ತದೆ. ಕೊನೆಗೆ ಕಾಂಡಕ್ಕೋ ಬೇಲಿಗೋ ರೇಷ್ಮೆಯ ಎಳೆಯಿಂದ ನಡುವನ್ನು ಕಟ್ಟಿಕೊಂಡು ಕೋಶವಾಗುತ್ತದೆ. ಚಳಿಗಾಲವನ್ನು ಅದು ಕಳೆಯುವುದು ಕೋಶದೊಳಗೇ. ಹೊರಬಂದ ಗಂಡು ಚಿಟ್ಟೆಗಳು ಗುಡ್ಡದ ತುದಿಗಳಲ್ಲಿ ಸುತ್ತಾಡುತ್ತ ಹೆಣ್ಣಿಗಾಗಿ ಕಾಯುತ್ತವೆ.

ಈ ಚಿಟ್ಟೆ ಪಶ್ಚಿಮ ಅಮೆರಿಕದ ಮೂಲನಿವಾಸಿ. ಆದರೆ ಬೇ ಏರಿಯಾದಲ್ಲಿ ಇಂದು ಅದರ ಮುಖ್ಯ ಆಹಾರ ಮೆಡಿಟರೇನಿಯನ್ ಕಡೆಯಿಂದ ಬಂದ ಸೋಂಪಿನ ಗಿಡ. ಇಲ್ಲಿನ ಹಲವು ಸ್ಥಳೀಯ ಗಿಡಗಳು ವಸಂತ ಮುಗಿಯುತ್ತಲೇ ಒಣಗುತ್ತವೆ. ಅವನ್ನಷ್ಟೇ ನೆಚ್ಚಿದ ಚಿಟ್ಟೆಗೆ ವರ್ಷಕ್ಕೊಂದೇ ಪೀಳಿಗೆ. ರಸ್ತೆಬದಿಯ, ಖಾಲಿ ನಿವೇಶನದ ಸೋಂಪು ಬೇಸಿಗೆಯಲ್ಲೂ ಹಸಿರಾಗಿರುವುದರಿಂದ ಪೀಳಿಗೆಯ ಮೇಲೆ ಪೀಳಿಗೆ ಸಾಧ್ಯವಾಗಿದೆ. ಉತ್ತರ ಕ್ಯಾಲಿಫೋರ್ನಿಯಾದ ಚಿಟ್ಟೆಗಳನ್ನು 1972ರಿಂದ ದಾಖಲಿಸುತ್ತ ಬಂದ ಡೇವಿಸ್ ವಿಶ್ವವಿದ್ಯಾಲಯದ ಆರ್ಥರ್ ಶಪೀರೊ, ನಗರದ ಚಿಟ್ಟೆಗಳು ಪರದೇಶದ ಕಳೆಗಳನ್ನು ಎಷ್ಟು ನೆಚ್ಚಿಕೊಂಡಿವೆ ಎಂಬುದನ್ನು ತೋರಿಸಿಕೊಟ್ಟಿದ್ದಾರೆ.

ಹಾಗೆಂದು 'ವಲಸೆ ಬಂದದ್ದೆಲ್ಲ ಒಳ್ಳೆಯದು' ಎಂದು ಷರಾ ಬರೆಯುವುದು ಸುಲಭದ ಸುಳ್ಳು. ಗುಡ್ಡಗಳಲ್ಲಿ ದಟ್ಟವಾಗಿ ಹಬ್ಬುವ ಸೋಂಪು ಸ್ಥಳೀಯ ಸಸ್ಯಗಳನ್ನು ಅಡಗಿಸುತ್ತದೆ. ಅಲ್ಲಿ ಅದನ್ನು ಕೀಳುವವರ ಶ್ರಮಕ್ಕೆ ಅರ್ಥವಿದೆ. ಆದರೆ ಸ್ಯಾನ್ ಫ್ರಾನ್ಸಿಸ್ಕೋದ ಮರಳುದಿಬ್ಬಗಳ ಜರ್ಕ್ಸೀಸ್ ಬ್ಲೂ ಚಿಟ್ಟೆ 1940ರ ದಶಕದ ಆರಂಭದಲ್ಲಿ ಅಳಿದುಹೋದದ್ದು ನಗರ ಆ ದಿಬ್ಬಗಳನ್ನು ನುಂಗಿದ್ದರಿಂದ. ಆ ತೆರವನ್ನು ತುಂಬಲೆಂದು 2024ರಲ್ಲಿ ಪ್ರೆಸಿಡಿಯೊದಲ್ಲಿ ಬಿಟ್ಟದ್ದು ಅದರ ಸಂಬಂಧಿಯಾದ ಸಿಲ್ವರಿ ಬ್ಲೂ ಚಿಟ್ಟೆಯನ್ನು. ಅದನ್ನೂ ಮಾಂಟೆರೆಯಿಂದ ತರಬೇಕಾಯಿತು.

ನನ್ನ ತಕರಾರು ಇರುವುದು ಗಿಡಗಳ ನಿಘಂಟನ್ನು ಮನುಷ್ಯರಿಗೆ ಹಚ್ಚುವುದರ ಬಗ್ಗೆ. 'ಅನ್ಯ', 'ಆಕ್ರಮಣಕಾರಿ', 'ಬೇರುಸಹಿತ ಕಿತ್ತೊಗೆಯಿರಿ' ಎಂಬ ಮಾತುಗಳು ತೋಟದಿಂದ ಶಾಸನಸಭೆಗೆ ಬಲುಬೇಗ ದಾಟುತ್ತವೆ. ಇದೇ ಕ್ಯಾಲಿಫೋರ್ನಿಯಾ 1913ರಲ್ಲಿ, ಪೌರತ್ವಕ್ಕೆ ಅನರ್ಹರೆನಿಸಿದ ಏಷ್ಯನ್ನರು ಕೃಷಿಭೂಮಿ ಕೊಳ್ಳದಂತೆ ಕಾನೂನು ಮಾಡಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದ ತೀರ್ಪು ಭಾರತೀಯರನ್ನೂ ಆ ಅನರ್ಹರ ಸಾಲಿಗೆ ಸೇರಿಸಿತು. ಹಾಗೆ ಕಾನೂನು ಮಾಡಿದವರು ಕೂಡ ಓಲೋನಿ ಮೊದಲಾದ ಜನರ ನೆಲದ ಮೇಲೆ ವಲಸೆ ಬಂದು ಕೂತವರೇ.

ಇದನ್ನು ಓದಿ ತಲೆದೂಗುವ ನಾವು, ಬೆಂಗಳೂರಿನ ಕಟ್ಟಡಗಳಿಗೆ ಇಟ್ಟಿಗೆ ಹೊರುವ ಹೊರರಾಜ್ಯದ ಕೂಲಿಕಾರರ ಮಾತು ಬಂದಾಗ ಯಾವ ಪದ ಬಳಸುತ್ತೇವೆ? ಇಲ್ಲಿ ವೀಸಾ ಸಾಲಿನಲ್ಲಿ ನಿಂತು ನ್ಯಾಯ ಕೇಳುವ ನಾಲಗೆಯೇ ಅಲ್ಲಿನವರನ್ನು 'ಹೊರಗಿನವರು' ಎಂದು ಜರೆಯುತ್ತಿಲ್ಲವೇ? ಕನ್ನಡದ ಹಕ್ಕಿನ ಪ್ರಶ್ನೆ ನಿಜವಾದದ್ದು. ಆದರೆ ಅದನ್ನು ಸರ್ಕಾರಗಳಿಗೆ, ಬಂಡವಾಳಕ್ಕೆ ಕೇಳಬೇಕೇ ಹೊರತು ದಿನಗೂಲಿಯವನಿಗಲ್ಲ.

ಹಿತ್ತಿಲಿನ ಮಟ್ಟಿಗೆ ನನ್ನ ಸಲಹೆ ಸರಳ. ಕಳೆ ಕೀಳುವ ಮುನ್ನ ಅದನ್ನು ಆಶ್ರಯಿಸಿದವರು ಯಾರೆಂದು ನೋಡಿ. ಸ್ಥಳೀಯ ಗಿಡಗಳನ್ನು ಮೊದಲು ನೆಟ್ಟು, ಅವು ಬೇರೂರಿದ ಮೇಲೆ ಸೋಂಪನ್ನು ತೆಗೆಯಿರಿ. ಕೀಟನಾಶಕವನ್ನಂತೂ ಮುಟ್ಟಬೇಡಿ. ಅಮ್ಮ ಆ ದಿನ ಸಾರಿಗೆ ಬೇಕಾದಷ್ಟು ಸೊಪ್ಪನ್ನು ಬಿಡಿಸಿಕೊಂಡು, ಹುಳುವಿದ್ದ ಎರಡು ಗಿಡಗಳನ್ನು ಹಾಗೆಯೇ ಬಿಟ್ಟರು.