ಮಕ್ಕಳ ಸುರಕ್ಷತೆಯ ಪಾಠ ತಂದೆತಾಯಂದಿರಿಂದ ಆರಂಭವಾಗಲಿ: ಒಂದು ಮನವಿ ಪತ್ರ

ಇವರಿಗೆ:
ಅಧ್ಯಕ್ಷರು ಹಾಗೂ ಸದಸ್ಯರು,
ಕರ್ನಾಟಕ ಪ್ರಾಂತೀಯ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ, ಬೆಂಗಳೂರು

ವಿಷಯ: ಧರ್ಮಕೇಂದ್ರಗಳಲ್ಲಿ ಮಕ್ಕಳ ಮೇಲಿನ ದೌರ್ಜನ್ಯ ತಡೆ ಶಿಕ್ಷಣಕ್ಕೆ ಪೋಷಕರನ್ನು ಸೇರಿಸಿಕೊಳ್ಳುವ ಕುರಿತು.

ಪೂಜ್ಯರೇ,

ಮಕ್ಕಳನ್ನು ಭಾನುವಾರದ ಧರ್ಮೋಪದೇಶಕ್ಕೆ, ಗಾಯನವೃಂದಕ್ಕೆ, ಪೀಠಸೇವೆಗೆ ಕಳುಹಿಸುವ ಪೋಷಕರಾದ ನಾವು ಕೇಳುವುದು ಇಷ್ಟೇ: ಮಕ್ಕಳ ಸುರಕ್ಷತೆಯ ಪಾಠ ಮೊದಲು ನಮಗೆ ಆಗಲಿ. ಗುರುಗಳಿಗೂ ಉಪದೇಶಿಗಳಿಗೂ ತರಬೇತಿ ಕೊಟ್ಟು, ನಮ್ಮಿಂದ ಒಪ್ಪಿಗೆ ಪತ್ರಕ್ಕೆ ಸಹಿ ಮಾತ್ರ ಪಡೆದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಅವರಲ್ಲಿ ಶೇ 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದರು. ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು. ಬಹುಪಾಲು ಮಕ್ಕಳು ಯಾರಿಗೂ ಹೇಳಿರಲಿಲ್ಲ. ನಮ್ಮನ್ನು ಹೆಚ್ಚು ಕಲಕಿದ್ದು ಈ ಕೊನೆಯ ಸಂಗತಿ. ಮಗು ಬಾಯಿಬಿಟ್ಟರೂ ನೇರವಾಗಿ ಹೇಳುವುದು ಅಪರೂಪ. 'ಇವತ್ತು ನಾನು ಪೂಜೆಗೆ ಸೇವೆ ಮಾಡಲ್ಲಮ್ಮ' ಎನ್ನುತ್ತದೆ. ಸೋಮಾರಿತನವೆಂದುಕೊಂಡು ತಾಯಿ ಗದರುತ್ತಾಳೆ. 'ಆ ಅಂಕಲ್ ಬೇಡ' ಎನ್ನುತ್ತದೆ. 'ದೊಡ್ಡವರ ಬಗ್ಗೆ ಹಾಗೆಲ್ಲ ಅನ್ನಬಾರದು' ಎಂಬ ಉತ್ತರ ಬರುತ್ತದೆ. ಆ ವ್ಯಕ್ತಿ ಫಾದರ್ ಆಗಿದ್ದರಂತೂ ಮಾತು ಅಲ್ಲಿಗೇ ಮುಗಿಯಿತು. ಗುರುಪಟ್ಟದ ಬಗ್ಗೆ ನಮಗಿರುವ ಗೌರವ ಮನಃಪೂರ್ವಕವಾದದ್ದು. ಆದರೆ ಆ ಗೌರವ ಮಗುವಿನ ಬಾಯಿ ಕಟ್ಟುವಂತಾಗಬಾರದು, ಮತ್ತು ಇದನ್ನು ಕಲಿಯಬೇಕಾದವರು ನಾವೇ.

ಇದಕ್ಕೆ ಹೊಸ ಏರ್ಪಾಡೇನೂ ಬೇಕಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆ ಜ್ಞಾನಸ್ನಾನಕ್ಕೆ ಮುನ್ನ ತಂದೆತಾಯಿಗೆ ಬೋಧನೆ ಆಗಬೇಕೆನ್ನುತ್ತದೆ (ವಿಧಿ 851). ಮಗುವನ್ನು ಪ್ರಥಮ ಪರಮಪ್ರಸಾದಕ್ಕೆ ಅಣಿಗೊಳಿಸುವ ಹೊಣೆಯನ್ನು ಮೊದಲು ಹೆತ್ತವರಿಗೂ ಧರ್ಮಕೇಂದ್ರದ ಗುರುಗಳಿಗೂ ವಹಿಸುತ್ತದೆ (ವಿಧಿ 914). ಪೋಷಕರು ಹೇಗೂ ಸೇರುವ ಆ ಸಭೆಗಳಲ್ಲೇ ಈ ಪಾಠವನ್ನೂ ಸೇರಿಸಬಹುದು. ಮಗುವಿನ ನಡವಳಿಕೆಯಲ್ಲಿ ಯಾವ ಬದಲಾವಣೆ ಗಮನಿಸಬೇಕು, ಅದು ಹೇಳಿದಾಗ ಹೇಗೆ ಕೇಳಿಸಿಕೊಳ್ಳಬೇಕು, ಯಾರಿಗೆ ದೂರು ಕೊಡಬೇಕು ಎಂಬುದನ್ನು ಕನ್ನಡ, ಕೊಂಕಣಿ, ತಮಿಳು ಹೀಗೆ ಆಯಾ ಧರ್ಮಕೇಂದ್ರದ ಮಾತಿನಲ್ಲಿ ಹೇಳಬೇಕು. ಕಾನೂನನ್ನೂ ಬಿಡಿಸಿ ತಿಳಿಸಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಇಂಥ ಅಪರಾಧದ ವಿಷಯ ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕು. ಮಾಡದವರಿಗೆ ಆರು ತಿಂಗಳವರೆಗೆ ಸೆರೆವಾಸವಾಗಬಹುದು. ತನ್ನ ಕೈಕೆಳಗಿನವರ ಅಪರಾಧವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಮರ್ಯಾದೆಗೆ ಅಂಜಿ ಹಿರಿಯರ ಮುಂದೆ ರಾಜಿ ಮಾಡಿಸುವುದು ಕಾನೂನಿನ ಮುಂದೆ ನಿಲ್ಲುವುದಿಲ್ಲವೆಂದು ಎಷ್ಟೋ ಮನೆಗಳಿಗೆ ಇಂದಿಗೂ ಗೊತ್ತಿಲ್ಲ.

ಇಂಥ ವಿಷಯವನ್ನು ದೇವಾಲಯದ ಅಂಗಳದಲ್ಲಿ ಎತ್ತಿದರೆ ವಿಶ್ವಾಸ ಅಲುಗಾಡುತ್ತದೆ ಎಂಬ ಆತಂಕ ನಮಗೆ ಅರ್ಥವಾಗುತ್ತದೆ. ಆದರೆ ಅಮೆರಿಕದ ಅನುಭವ ಬೇರೆಯದನ್ನೇ ಹೇಳುತ್ತದೆ. 1950ರಿಂದ 2002ರವರೆಗಿನ ಅವಧಿಯಲ್ಲಿ 4,392 ಗುರುಗಳ ಮೇಲೆ ಮಕ್ಕಳ ಲೈಂಗಿಕ ದೌರ್ಜನ್ಯದ ಕುರಿತು 10,667 ಮಂದಿಯ ಆರೋಪಗಳಿದ್ದವೆಂದು ಜಾನ್ ಜೇ ಕಾಲೇಜಿನ 2004ರ ವರದಿ ದಾಖಲಿಸಿತು. ಅಷ್ಟು ವರ್ಷಗಳ ಮೌನ ಅಲ್ಲಿ ಧರ್ಮಸಭೆಯ ಹೆಸರನ್ನು ಉಳಿಸಲಿಲ್ಲ. ಅಲ್ಲಿನ ಧರ್ಮಾಧ್ಯಕ್ಷರೇ 2002ರಲ್ಲಿ ಡಲ್ಲಾಸ್‌ನಲ್ಲಿ ಒಪ್ಪಿದ ಸನ್ನದು ತನ್ನ 12ನೆಯ ವಿಧಿಯಲ್ಲಿ ಪೋಷಕರ ಶಿಕ್ಷಣವನ್ನೂ ಸೇರಿಸಿತು. ದೇಹದ ವಿಷಯ ಮಾತನಾಡುವುದು ಬೋಧನೆಗೆ ವಿರುದ್ಧ ಎನ್ನುವವರೂ ಇದ್ದಾರೆ. ಆದರೆ ಲೈಂಗಿಕ ಶಿಕ್ಷಣ ತಂದೆತಾಯಿಯ ಮೂಲಭೂತ ಹಕ್ಕು ಮತ್ತು ಕರ್ತವ್ಯವೆಂದು 1981ರಲ್ಲೇ ಪೋಪ್ ಎರಡನೆಯ ಜಾನ್ ಪಾಲ್ ಬರೆದಿದ್ದಾರೆ.

ಹೆತ್ತವರೇ ಹಿಂಸೆ ಕೊಡುವ ಮನೆಗಳ ಗತಿ ಏನು ಎಂಬ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣ. ಅದೇ 2007ರ ಅಧ್ಯಯನದಲ್ಲಿ, ಕುಟುಂಬದೊಳಗೆ ದೈಹಿಕ ಹಿಂಸೆಗೆ ಒಳಗಾದ ಮಕ್ಕಳಲ್ಲಿ ಶೇ 88.6ರಷ್ಟು ಮಂದಿಗೆ ಹೊಡೆದವರು ಹೆತ್ತವರೇ. ಆದ್ದರಿಂದ ನಮ್ಮ ಶಿಕ್ಷಣ ಮಕ್ಕಳ ಶಿಕ್ಷಣಕ್ಕೆ ಬದಲಿಯಾಗಬಾರದು. ಮಕ್ಕಳಿಗೆ ಪ್ರತ್ಯೇಕ ತರಗತಿ ನಡೆಯಲಿ, 1098 ಸಹಾಯವಾಣಿಯ ಸಂಖ್ಯೆ ಅವರ ಕಣ್ಣಿಗೆ ಬೀಳುವ ಗೋಡೆಯ ಮೇಲಿರಲಿ. ಹೊಡೆತವೂ ದೌರ್ಜನ್ಯವೆಂದು ಪೋಷಕರ ಸಭೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿರಿ. ಕೇಳಿಸಿಕೊಳ್ಳಲು ನಾವು ಸಿದ್ಧರಿದ್ದೇವೆ.

ಜೂನ್‌ನಲ್ಲಿ ಧರ್ಮೋಪದೇಶ ತರಗತಿಗಳು ಆರಂಭವಾಗುವ ಮುನ್ನ ಎಲ್ಲ ಧರ್ಮಕ್ಷೇತ್ರಗಳಿಗೂ ಈ ಕುರಿತು ಸುತ್ತೋಲೆ ಹೊರಡಿಸಬೇಕು. ಪಠ್ಯ ರೂಪಿಸುವ ಸಮಿತಿಯಲ್ಲಿ ಪೋಷಕರಿಗೂ, ಅದರಲ್ಲೂ ತಾಯಂದಿರಿಗೆ, ಸ್ಥಾನ ಕೊಡಬೇಕು ಎಂದು ವಿನಂತಿಸುತ್ತೇವೆ.

ತಮ್ಮ ವಿಧೇಯ,
ಧರ್ಮಕೇಂದ್ರಗಳ ಪೋಷಕರು