ಹತ್ತು ಜನ ಬಳಸುವ ಕಂಪ್ಯೂಟರ್: ಬ್ರೌಸರ್ ಸೆಟ್ಟಿಂಗ್ ಬದಲಿಸಬೇಕೇ?

ಜಗಳೂರು ತಾಲ್ಲೂಕಿನ ಹೋಬಳಿ ಕೇಂದ್ರ ಸೊಕ್ಕೆ. ಸುತ್ತಲಿನದು ಮಳೆ ನಂಬಿದ ಮೆಕ್ಕೆಜೋಳ, ಶೇಂಗಾದ ಸೀಮೆ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಬೆಳೆ ವಿಮೆ, ವಿದ್ಯಾರ್ಥಿವೇತನ ಎಲ್ಲಕ್ಕೂ ಈಗ ಆನ್‌ಲೈನ್ ಅರ್ಜಿ. 2022ರಲ್ಲಿ ಸರ್ಕಾರಿ ಸೇವೆಗಳ ಗ್ರಾಮ ಒನ್ ಕೇಂದ್ರಗಳು ಹಲವು ಜಿಲ್ಲೆಗಳಿಗೆ ಹಬ್ಬಿದ ಮೇಲಂತೂ ಹಳ್ಳಿಗಳಲ್ಲಿ ಒಂದೇ ಕಂಪ್ಯೂಟರ್ ಎಷ್ಟೋ ಮನೆಗಳ ಕಾಗದಪತ್ರ ನೋಡಿಕೊಳ್ಳುತ್ತದೆ. ಇಂಥ ಕಂಪ್ಯೂಟರಿನ ಬ್ರೌಸರ್, ಇಮೇಲ್ ಸೆಟ್ಟಿಂಗ್‌ಗಳನ್ನು ನಮಗೆ ಬೇಕಾದಂತೆ ಬದಲಿಸಿಕೊಳ್ಳಬೇಕೇ, ಬಂದಂತೆಯೇ ಬಿಡಬೇಕೇ?

ಪರ: ಬದಲಿಸಲೇಬೇಕು

ಬ್ರೌಸರ್ ಸಿದ್ಧವಾಗಿರುವುದು ಒಬ್ಬನೇ ಬಳಸುವ ಕಂಪ್ಯೂಟರಿಗೆ. ಅದಕ್ಕೇ ಪಾಸ್‌ವರ್ಡ್ ಹಾಕಿದ ಕೂಡಲೇ 'ಸೇವ್ ಮಾಡಲೇ?' ಎಂದು ಕೇಳುತ್ತದೆ. ಮೊಬೈಲ್ ನಂಬರಿನ ಖಾನೆಯಲ್ಲಿ 9 ಒತ್ತಿ ನೋಡಿ. ಅನೇಕ ಫಾರಂಗಳಲ್ಲಿ ಈ ಹಿಂದೆ ಬಂದುಹೋದವರ ನಂಬರುಗಳು ಸಾಲಾಗಿ ಕೆಳಗಿಳಿಯುತ್ತವೆ. ಡೌನ್‌ಲೋಡ್ ಫೋಲ್ಡರ್ ತೆರೆದರೆ ಯಾರದೋ ಆಧಾರ್, ಯಾರದೋ ಬ್ಯಾಂಕ್ ಪಾಸ್‌ಬುಕ್. ಮನೆಯ ಕಂಪ್ಯೂಟರಿನಲ್ಲಿ ಇದು ಅನುಕೂಲ, ಊರಿನ ಕಂಪ್ಯೂಟರಿನಲ್ಲಿ ಅಪಾಯ.

ಮಾಡಬೇಕಾದದ್ದು ಹೆಚ್ಚೇನಿಲ್ಲ. ಪಾಸ್‌ವರ್ಡ್ ಉಳಿಸುವುದನ್ನೂ ಆಟೋಫಿಲ್ಲನ್ನೂ ಆಫ್ ಮಾಡಿ. ಗಿರಾಕಿಯ ಇಮೇಲ್ ತೆರೆಯಬೇಕಾದರೆ ಕ್ರೋಮ್‌ನ ಗೆಸ್ಟ್ ಕಿಟಕಿ ಬಳಸಿ. ಮುಚ್ಚಿದೊಡನೆ ಲಾಗಿನ್ನೂ ಹಿಸ್ಟರಿಯೂ ಅಳಿಸಿಹೋಗುತ್ತವೆ. ಸಿಕ್ಕಸಿಕ್ಕ ವೆಬ್‌ಸೈಟಿಗೆ 'ಅಲೋ' ಒತ್ತಿದರೆ ಪರದೆಯ ಮೂಲೆಯಲ್ಲಿ 'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ' ಎಂಬ ಸುಳ್ಳು ಸೂಚನೆಗಳು ಶುರುವಾಗುತ್ತವೆ. ನೋಟಿಫಿಕೇಶನ್ ನಿಲ್ಲಿಸಿದರೆ ಆ ಕಾಟವಿಲ್ಲ. ಕೇಂದ್ರದ ಜಿಮೇಲ್‌ನಲ್ಲಿ ಕಳಿಸಿದ ಮೇಲ್ ಹಿಂಪಡೆಯಲು ಮೊದಲಿಗೆ ಇರುವುದು 5 ಸೆಕೆಂಡ್ ಮಾತ್ರ. ಅದನ್ನು 30ಕ್ಕೆ ಏರಿಸಿಕೊಳ್ಳಬಹುದು. ಒಬ್ಬರ ದಾಖಲೆ ಇನ್ನೊಬ್ಬರಿಗೆ ಹೋಗುವುದನ್ನು ತಡೆಯಲು ಆ ಅರ್ಧ ನಿಮಿಷ ಸಾಕು.

ವಿರೋಧ: ಬಂದಂತೆಯೇ ಇರಲಿ

ಸೆಟ್ಟಿಂಗ್ ಮುಟ್ಟದೆ ಗತಿಯಿಲ್ಲದ ಕಾಲವೊಂದಿತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಸರಿಯಾಗಿ ಮೂಡಲು ಭಾಷಾ ಸೆಟ್ಟಿಂಗಿಗೆ ಹೋಗಿ ಹೆಚ್ಚುವರಿ ಫೈಲುಗಳನ್ನು ಹಾಕಿಸಬೇಕಿತ್ತು. ನುಡಿ ಫಾಂಟಿನಲ್ಲಿ ಬರೆದ ಮೇಲ್, ಆ ಫಾಂಟ್ ಇಲ್ಲದವರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿತ್ತು. ಯೂನಿಕೋಡ್ ಬಂದು ಆ ಗೋಳು ತಪ್ಪಿತು. ಇಂದು ಕ್ರೋಮ್ ತಾನೇ ಅಪ್‌ಡೇಟ್ ಆಗುತ್ತದೆ, ಮೋಸದ ತಾಣ ಕಂಡರೆ ಎಚ್ಚರಿಸುತ್ತದೆ. ಈ ರಕ್ಷಣೆಯೆಲ್ಲ ನಾವು ಏನೂ ಮಾಡದೆಯೇ ಸಿಗುವಂಥದ್ದು.

ಕೈಯಾಡಿಸಿದರೆ ಏನಾಗುತ್ತದೆ? ಭದ್ರತೆಯ ಹೆಸರಿನಲ್ಲಿ ಕುಕೀ ಪೂರ್ತಿ ನಿಲ್ಲಿಸಿದರೆ ಲಾಗಿನ್ ಆದ ಮರುಕ್ಷಣವೇ ತಾಣ ಹೊರಗೆ ಹಾಕುತ್ತದೆ. ಮತ್ತೆ ಓಟಿಪಿ ಬೇಕು. ಆ ಓಟಿಪಿ ಬರುವ ಫೋನು ಹೊಲದಲ್ಲಿರುವ ಮಗನ ಜೇಬಿನಲ್ಲಿರುತ್ತದೆ. ಪಾಪ್-ಅಪ್ ತಡೆಯ ಎಕ್ಸ್‌ಟೆನ್ಶನ್ ಹಾಕಿದರೆ ಹೊಸ ಕಿಟಕಿಯಲ್ಲಿ ತೆರೆಯಬೇಕಾದ ಸ್ವೀಕೃತಿ ಕಾಣುವುದೇ ಇಲ್ಲ. ಅರ್ಜಿ ಹೋಗಲಿಲ್ಲವೆಂದು ಎರಡನೇ ಸಲ ಸಲ್ಲಿಸುವ ಎಡವಟ್ಟು ಆಗುವುದು ಇಲ್ಲೇ. ಇನ್ನು, ಬದಲಿಸಿದ ಹುಡುಗ ಕೆಲಸ ಬಿಟ್ಟು ಬೆಂಗಳೂರು ಸೇರಿದರೆ ಏನನ್ನು ಎಲ್ಲಿ ಬದಲಿಸಿದ್ದ ಎಂದು ಹೇಳುವವರಿಲ್ಲ. ಸಹಾಯವಾಣಿಯವರು ಫೋನಿನಲ್ಲಿ ಹೇಳುವ ಮೆನುಗಳು ಈ ಪರದೆಯಲ್ಲಿ ಹೇಳಿದ ಜಾಗದಲ್ಲಿ ಇರುವುದಿಲ್ಲ. ಜನರ ಗುಟ್ಟು ಕಾಯಲು ಕೆಲಸ ಮುಗಿದ ಮೇಲೆ ಲಾಗೌಟ್ ಮಾಡುವ, ಫೈಲು ಅಳಿಸುವ ಶಿಸ್ತು ಇರಬೇಕು. ಶಿಸ್ತಿಲ್ಲದವರಿಗೆ ಯಾವ ಸೆಟ್ಟಿಂಗೂ ನೆರವಾಗದು.

ತೀರ್ಮಾನ

ಶಿಸ್ತಿನ ಮಾತು ನಿಜ. ಆದರೆ ಅರ್ಜಿಯ ಕೊನೆಯ ದಿನ, ಬಾಗಿಲ ತನಕ ಸರದಿ ನಿಂತಾಗ ಲಾಗೌಟ್ ನೆನಪಾಗುವುದಿಲ್ಲ. ಆಪರೇಟರ್ ಮರೆತದ್ದನ್ನು ಬ್ರೌಸರ್ ನೆನಪಿಟ್ಟುಕೊಳ್ಳದಂತೆ ಮಾಡಬೇಕಾಗಿರುವುದು ಆಗಲೇ. ಆದ್ದರಿಂದ ಬಂದವರ ಗುರುತು ಉಳಿಸುವ ಪಾಸ್‌ವರ್ಡ್, ಆಟೋಫಿಲ್ ಸೆಟ್ಟಿಂಗುಗಳನ್ನು ಇಂದೇ ಬದಲಿಸಿ, ನೋಟಿಫಿಕೇಶನ್ ಆಫ್ ಮಾಡಿ. ಕುಕೀ, ಪಾಪ್-ಅಪ್, ಎಕ್ಸ್‌ಟೆನ್ಶನ್‌ಗಳ ತಂಟೆಗೆ ಹೋಗಬೇಡಿ. ಬದಲಿಸಿದ್ದನ್ನು ತಾರೀಖಿನ ಸಮೇತ ಒಂದು ಹಾಳೆಯಲ್ಲಿ ಬರೆದು ಕಂಪ್ಯೂಟರಿನ ಪಕ್ಕ ಅಂಟಿಸಿ. ಇನ್ನು, ಕೇಂದ್ರಕ್ಕೆ ಹೋಗುವವರು 'ಪಾಸ್‌ವರ್ಡ್ ಸೇವ್ ಆಯಿತೇ?' ಎಂದು ಕೇಳಿಯೇ ಎದ್ದು ಬನ್ನಿ.