ರಾತ್ರಿಯ ಜಿಂಕೆ, ಹಗಲಿನ ಕಚೇರಿ



ಹುಬ್ಬಳ್ಳಿ-ಧಾರವಾಡಗಳ ನಡುವೆ ಓಡಾಡುವ ಬಸ್ಸಿಗೆ 'ಚಿಗರಿ' ಎಂದು ಹೆಸರಿಟ್ಟಿರುವುದು ತಮಗೆಲ್ಲ ತಿಳಿದದ್ದೇ. ಹೆಸರೇನೋ ಚೆನ್ನಾಗಿದೆ. ಆದರೆ ಸಸಿಗಳ ಸುತ್ತ ಕಟ್ಟಲು ತಂತಿಬಲೆ ಕೊಳ್ಳಬೇಕೆಂದು ಅದೇ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೊರಟ ನನ್ನಂಥವನು ಆ ಹೆಸರನ್ನು ಓದಿದಾಗ ಪೇಟೆಯವರಿಗೆ ಆಗುವಷ್ಟು ಸಂತೋಷ ಆಗುವುದಿಲ್ಲ.

ನನ್ನದು ಕಲಘಟಗಿಯ ಆಚೆ, ಕಾಡಿನ ಅಂಚಿಗೆ ಮೂರು ಎಕರೆ ತೋಟ. ಹಳೆಯ ಅಡಿಕೆ ಮರಗಳಿಗೆ ಮೆಣಸಿನ ಬಳ್ಳಿ, ನಡುವೆ ಸ್ವಲ್ಪ ಕಾಫಿ. ಹೋದ ವರುಷ ಮಳೆಗಾಲದ ಆರಂಭಕ್ಕೆ ಹೊಸದಾಗಿ ಇನ್ನೂರು ಅಡಿಕೆ ಸಸಿ ಹಾಕಿದೆ. ದೀಪಾವಳಿಯ ಹೊತ್ತಿಗೆ ಅರವತ್ತಕ್ಕೂ ಹೆಚ್ಚು ಸಸಿಗಳನ್ನು ಚುಕ್ಕಿ ಜಿಂಕೆಗಳು ಮೇಯ್ದಿದ್ದವು. ಗರಿಯನ್ನಷ್ಟೇ ಕಚ್ಚಿದರೆ ಸಸಿ ಒಂದು ವರುಷ ಹಿಂದೆ ಬಿದ್ದರೂ ಉಳಿಯುತ್ತದೆ. ಸುಳಿಯನ್ನೇ ಕಿತ್ತರೆ ಮುಗಿಯಿತು. ಅಡಿಕೆಗೆ ಇರುವುದು ಒಂದೇ ಸುಳಿ, ಪಕ್ಕದಿಂದ ಚಿಗುರುವ ಜಾತಿಯಲ್ಲ. ಫಲ ಕಾಣಲು ಐದಾರು ವರುಷ ಕಾಯುವ ಬೆಳೆಯಲ್ಲಿ ಒಂದು ರಾತ್ರಿಯ ಮೇವಿಗೆ ಎಷ್ಟು ಬೆಲೆ ಎಂಬುದನ್ನು ತಮಗೆ ನಾನು ಲೆಕ್ಕ ಹಾಕಿ ತೋರಿಸಬೇಕಿಲ್ಲ.

ಬ್ಯಾಟರಿ ಹಿಡಿದು ಕೂಗಿದೆ, ಡಬ್ಬ ಬಡಿದೆ. ನಾಲ್ಕು ದಿನ ಹೆದರಿದವು. ಐದನೆಯ ದಿನ ಬೆಳಕಿಗೆ ಕಣ್ಣು ಹೊಳೆಯಿಸುತ್ತ ಅಲ್ಲೇ ನಿಂತವು. ಸಂಬಂಧಪಟ್ಟ ಕಚೇರಿಗೆ ಹೋಗಿ ಏನು ಮಾಡಬಹುದೆಂದು ಕೇಳಿದೆ. ಅಲ್ಲಿದ್ದವರು ಸಭ್ಯರು, ಕುರ್ಚಿ ಕೊಟ್ಟರು. "ಅರ್ಜಿ ಬರ್ದು ಕೊಡ್ರಿ ಯಜಮಾನ್ರ, ಮ್ಯಾಲೆ ಕಳಸ್ತೇವಿ" ಎಂದರು. ಕೊಟ್ಟೆ. ನಾಲ್ಕು ತಿಂಗಳಾಯಿತು. ಆಗುತ್ತದೆ ಎಂದೂ ಇಲ್ಲ, ಆಗುವುದಿಲ್ಲ ಎಂದೂ ಇಲ್ಲ. ಜಿಂಕೆ ಮಾತ್ರ ಪ್ರತಿ ರಾತ್ರಿ ತಪ್ಪದೆ ಹಾಜರು.

ಈ ವಿಷಯದಲ್ಲಿ ನಮ್ಮವರಲ್ಲಿ ತಪ್ಪು ತಿಳುವಳಿಕೆ ಬಹಳ. "ನಮ್ಮ ಹಿರಿಯರು ಲೈಸೆನ್ಸು ಪಡೆದು ರಾತ್ರಿ ಹೊಡೆಯುತ್ತಿದ್ದರು, ಈಗಿನವರು ಕಾನೂನು ಕೆಡಿಸಿದರು" ಎಂಬ ಮಾತು ಸಂತೆಯಲ್ಲಿ ಕೇಳಿಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆಯ ಲೈಸೆನ್ಸು ಇದ್ದುದು ನಿಜ. ಆದರೆ ಅದೇ ಕಾಯಿದೆಯ 17ನೆಯ ಕಲಂ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬೇಟೆಯಾಡುವುದನ್ನೂ, ಕೃತಕ ಬೆಳಕು ಬಳಸುವುದನ್ನೂ ನಿಷೇಧಿಸಿತ್ತು. ತಾನು ಕೊಂದುಹಾಕಿದ ಪ್ರಾಣಿಯ ಬಳಿಗೆ ಮರಳಿ ಬರುವ ಹುಲಿ-ಚಿರತೆಯಂಥ ಮಾಂಸಾಹಾರಿಗಳ ಮಟ್ಟಿಗೆ ಮಾತ್ರ, ಅದೂ ಲೈಸೆನ್ಸಿನಲ್ಲಿ ವಿಶೇಷವಾಗಿ ನಮೂದಿಸಿದ್ದರೆ, ವಿನಾಯಿತಿ. ಬ್ಯಾಟರಿ ಬೆಳಕಿನಲ್ಲಿ ಜಿಂಕೆ ಹೊಡೆಯುವುದು ಆಗಲೂ ಅಪರಾಧವೇ ಆಗಿತ್ತು.

1991ರ ತಿದ್ದುಪಡಿಯಲ್ಲಿ ಬೇಟೆಯ ಲೈಸೆನ್ಸೇ ರದ್ದಾಯಿತು. ಅದರ ಜೊತೆಗೆ 17ನೆಯ ಕಲಮೂ ಹೋಯಿತು. ಇದು ಗಮನಿಸಬೇಕಾದ ಸಂಗತಿ. ಬೇಟೆಯೇ ಇಲ್ಲವೆಂದ ಮೇಲೆ ರಾತ್ರಿಯ ನಿಯಮ ಏಕೆ ಎಂದು ತೆಗೆದಿರಬೇಕು. ಈಗ ಉಳಿದಿರುವುದು 11ನೆಯ ಕಲಂ ಒಂದೇ. ಕಾಡುಪ್ರಾಣಿಯೊಂದು ಮನುಷ್ಯನ ಜೀವಕ್ಕೆ ಅಥವಾ ಆಸ್ತಿಗೆ ಅಪಾಯಕಾರಿಯಾಗಿದೆ ಎಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ, ಕಾರಣ ಬರೆದು, ಲಿಖಿತ ಅಪ್ಪಣೆ ಕೊಡಬಹುದು. ಆಸ್ತಿ ಎಂಬುದರಲ್ಲಿ ನಿಂತ ಬೆಳೆಯೂ ಸೇರಿದೆ ಎಂದು ಕಾಯಿದೆಯೇ ಹೇಳುತ್ತದೆ. ಆದರೆ ಒಂದನೆಯ ಅನುಸೂಚಿಯ ಪ್ರಾಣಿಗಳಿಗೆ ಬೆಳೆನಾಶದ ಕಾರಣ ನಡೆಯುವುದಿಲ್ಲ. ಆದ್ದರಿಂದ ಎರೆಭೂಮಿಯ ಚಿಗರಿ, ಎಂದರೆ ಕೃಷ್ಣಮೃಗ, ಈ ಬಾಗಿಲಿನಿಂದ ಹೊರಗೆ. ರಾಣೆಬೆನ್ನೂರಿನಲ್ಲಿ ಅದಕ್ಕಾಗಿ 1974ರಿಂದ ಅಭಯಾರಣ್ಯವೇ ಇದೆ. ಚುಕ್ಕಿ ಜಿಂಕೆಯನ್ನೂ ಕಾಡುಹಂದಿಯನ್ನೂ 2022ರ ತಿದ್ದುಪಡಿ ಎರಡನೆಯ ಅನುಸೂಚಿಯಲ್ಲಿಟ್ಟಿದೆ. ಅಲ್ಲಿ ಬಾಗಿಲು ಇದೆ. ತೆರೆಯುವವರು ಬೆಂಗಳೂರಿನಲ್ಲಿದ್ದಾರೆ.

ಬಂದೂಕಿನ ಗೊಂದಲ ಬೇರೆ. 1959ರ ಶಸ್ತ್ರ ಕಾಯಿದೆಯಲ್ಲಿ ಬೆಳೆ ರಕ್ಷಣೆಗೆಂದೇ ಮೂತಿಯಿಂದ ಮದ್ದು ತುಂಬುವ ಬಂದೂಕಿಗೆ ಲೈಸೆನ್ಸು ಕೊಡುವ ಮಾತಿದೆ. ನಮ್ಮಲ್ಲಿ ಅನೇಕರ ಅಟ್ಟದ ಮೇಲೆ ಅಂಥದ್ದೊಂದು ಇದೆ. ಆ ಲೈಸೆನ್ಸು ಬಂದೂಕು ಇಟ್ಟುಕೊಳ್ಳಲು ಅಪ್ಪಣೆಯೇ ಹೊರತು ಜಿಂಕೆ ಹೊಡೆಯಲು ಅಲ್ಲ. ಕೊಡಗಿನ ಜಮ್ಮಾ ಹಿಡುವಳಿದಾರರಿಗೆ 2029ರವರೆಗೆ ಬಂದೂಕಿನ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. ಆದರೆ ವನ್ಯಜೀವಿ ಕಾಯಿದೆಯಿಂದ ಅವರಿಗೂ ಇಲ್ಲ. ಬೆಳೆ ರಕ್ಷಣೆಗೆಂದು ಒಂದು ಇಲಾಖೆ ಕೊಟ್ಟ ಬಂದೂಕಿನಿಂದ ಗಾಳಿಯಲ್ಲಿ ಸದ್ದು ಮಾಡಬಹುದು ಅಷ್ಟೆ. ಅದನ್ನೂ ಚುನಾವಣೆ ಬಂದರೆ ಠಾಣೆಗೆ ಜಮಾ ಮಾಡಬೇಕಾಗುತ್ತದೆ. ಚುನಾವಣೆ ಇದೆಯೆಂದು ಜಿಂಕೆಗೆ ಯಾರೂ ನೋಟೀಸು ಕೊಡುವುದಿಲ್ಲ.

ಇಂಗ್ಲೆಂಡಿನಲ್ಲಿ ಸಹ ರಾತ್ರಿ ಜಿಂಕೆ ಹೊಡೆಯುವುದು ಅಪರಾಧ. ಸೂರ್ಯಾಸ್ತದ ಒಂದು ತಾಸಿನ ನಂತರದಿಂದ ಸೂರ್ಯೋದಯಕ್ಕೆ ಒಂದು ತಾಸು ಮೊದಲಿನವರೆಗೆ ರಾತ್ರಿ ಎಂದು ಅಲ್ಲಿಯ 1991ರ ಜಿಂಕೆ ಕಾಯಿದೆ ಗೊತ್ತುಮಾಡಿದೆ. ಆದರೆ ಗಂಭೀರ ಹಾನಿ ತಡೆಯಲು ರಾತ್ರಿಗೆಂದೇ ಪ್ರತ್ಯೇಕ ಲೈಸೆನ್ಸಿನ ವ್ಯವಸ್ಥೆ ಇದೆ. ಸ್ಕಾಟ್ಲೆಂಡಿನಲ್ಲೂ 1996ರ ಕಾಯಿದೆಯಡಿ ಅಂಥದ್ದೇ ಅಧಿಕಾರಪತ್ರ ಉಂಟು. ಅವರ ನಾಡು ಬೇರೆ. ಅಲ್ಲಿ ಜಿಂಕೆಯನ್ನು ತಿನ್ನುವ ಹುಲಿ ಇಲ್ಲ, ಮಾಂಸ ಅಂಗಡಿಗೆ ಹೋಗುತ್ತದೆ. ಹಾಗೆಯೇ ನಮಗೂ ಬೇಕೆಂದು ನಾನು ಹೇಳುವುದಿಲ್ಲ. ರಾತ್ರಿಯ ಕೆಲಸಕ್ಕೆ ರಾತ್ರಿಯ ನಿಯಮ ಬರೆದಿಟ್ಟಿದ್ದಾರೆ ಎಂಬುದಷ್ಟೇ ನೋಡತಕ್ಕದ್ದು. ಅಷ್ಟು ದೂರ ಏಕೆ, ನೆರೆಯ ಕೇರಳ 2022ರಲ್ಲಿ ಕಾಡುಹಂದಿಯ ಮಟ್ಟಿಗೆ ಅಪ್ಪಣೆ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರ ಕೈಗೇ ಕೊಟ್ಟಿತು. ಅಲ್ಲಿಯೂ ವಿಷ, ಸಿಡಿಮದ್ದು, ವಿದ್ಯುತ್ತು ಕೂಡದು.

ಈಗ ನಮ್ಮ ಮನೆಯ ಮಾತು. ಉತ್ತರ ಬಾರದ ಕಡೆ ಏನಾಗುತ್ತದೆಂದು ನಮಗೆ ಗೊತ್ತು. ಉರುಲು ಬೀಳುತ್ತದೆ, ಮನೆಯ ಕರೆಂಟು ಬೇಲಿಯ ತಂತಿಗೆ ಏರುತ್ತದೆ. ನಮ್ಮ ಊರಲ್ಲೇ ಅಂಥ ತಂತಿಗೆ ತಾಗಿ ಒಂದು ಎತ್ತು ಸತ್ತಿತು. ಅದನ್ನು ಹುಡುಕಿಕೊಂಡು ಹೋದ ಹುಡುಗ ಚಪ್ಪಲಿ ಬಿಚ್ಚಿ ಕಾಲುವೆ ದಾಟುವಷ್ಟರಲ್ಲಿ ಯಾರೋ ಕೂಗಿ ನಿಲ್ಲಿಸಿದರು. ತಂತಿ ಕಟ್ಟಿದವನು ದುಷ್ಟನಲ್ಲ, ನನ್ನ ಹಾಗೆಯೇ ಸಸಿ ಕಳೆದುಕೊಂಡವನು. ಆದರೂ ಅದು ಕೊಲೆಗಡುಕ ಕೆಲಸ. ಬ್ಯಾಟರಿಯಿಂದ ಕ್ಷಣಕ್ಕೊಮ್ಮೆ ಮಿಡಿಯುವ ಸೋಲಾರ್ ಬೇಲಿ ಬೇರೆ, ಈ ಯಮಪಾಶ ಬೇರೆ. ಇನ್ನೊಂದನ್ನೂ ಹೇಳಿಬಿಡುತ್ತೇನೆ, ಕೆಲವರಿಗೆ ಕಹಿಯಾಗಬಹುದು: ಬೆಳೆಯ ಹೆಸರಿನಲ್ಲಿ ಬಂದೂಕು ಎತ್ತುವವರೆಲ್ಲರ ಕಣ್ಣು ಬೆಳೆಯ ಮೇಲೆಯೇ ಇರುವುದಿಲ್ಲ, ಒಲೆಯ ಮೇಲೂ ಇರುತ್ತದೆ. ಅಧಿಕಾರಿಗಳು ಹಿಂಜರಿಯುವುದು ಇದರಿಂದಲೇ. ಅಪ್ಪಣೆಯಿಂದ ಹೊಡೆದ ಪ್ರಾಣಿಯೂ ಸರಕಾರದ ಸ್ವತ್ತು ಎಂದು 39ನೆಯ ಕಲಂ ಹೇಳುತ್ತದೆ. ಅದು ಸರಿಯಾಗಿಯೇ ಇದೆ. ಜಿಂಕೆ ಕಾಳಿ ಕಾಡಿನ ಹುಲಿಯ ಊಟ ಎಂಬುದೂ ನಿಜ. ಭತ್ತದ ಗದ್ದೆಗಳನ್ನು ಮುಚ್ಚಿ ಕಾಡಿನ ಬಾಯಿಗೇ ತೋಟ ಎಬ್ಬಿಸಿದವರಲ್ಲಿ ನಾನೂ ಒಬ್ಬ.

ಆದುದರಿಂದ ನಾನು ಕೇಳುವುದು ಬೇಟೆಯ ಹಕ್ಕನ್ನಲ್ಲ. 11ನೆಯ ಕಲಮಿನ ಅಧಿಕಾರವನ್ನು ವಿಭಾಗದ ಮಟ್ಟದಲ್ಲಿ ಒಬ್ಬ ಅಧಿಕಾರಿಗೆ ಕೊಡಲಿ. ಅವರು ಹದಿನೈದು ದಿನದೊಳಗೆ ತೋಟ ನೋಡಿ ಪಂಚನಾಮೆ ಮಾಡಲಿ. ಬೇಲಿ ಹಾಕಿ ಸೋತವನಿಗೆ ಮಾತ್ರ ಅಪ್ಪಣೆ ಇರಲಿ. ಎಷ್ಟು ಪ್ರಾಣಿ, ಯಾವ ಸರ್ವೆ ನಂಬರು, ಎಷ್ಟು ರಾತ್ರಿ, ಯಾವ ಬೆಳಕು ಎಂಬುದೆಲ್ಲ ಅದರಲ್ಲೇ ಬರೆದಿರಲಿ, ಏಕೆಂದರೆ ರಾತ್ರಿಯ ಬಗೆಗೆ ಕಾಯಿದೆಯಲ್ಲಿ ಈಗ ಬೇರೆ ನಿಯಮವಿಲ್ಲ. ಗುಂಡು ಹಾರಿಸುವವರು ಇಲಾಖೆಯವರೇ ಆಗಿರಲಿ. ಕತ್ತಲಲ್ಲಿ ನಮ್ಮ ಕೈ ನಡುಗುತ್ತದೆ, ಆಚೆ ಬದಿಯಲ್ಲಿ ನೀರು ಬಿಡುವ ಆಳು ಇರಬಹುದು. ಸತ್ತ ಪ್ರಾಣಿಯನ್ನು ಅವರ ಎದುರಿಗೇ ಸುಡಲಿ. ಕೊಡಲಾಗದಿದ್ದರೆ ಕೊಡುವುದಿಲ್ಲವೆಂದು ಕಾರಣ ಸಹಿತ ಬರೆದು ಕೊಡಲಿ. ಆ ಕಾಗದ ಕೈಯಲ್ಲಿದ್ದರೆ ಮೇಲಿನವರನ್ನು ಕೇಳಬಹುದು. ಸುಮ್ಮನಿರುವವರ ಮೇಲೆ ಅಪೀಲು ಹೋಗುವುದು ಹೇಗೆ?

ಅಲ್ಲಿಯವರೆಗೆ, ಹಾನಿಯಾದ ವಾರದಲ್ಲೇ ಫೋಟೋ ತೆಗೆಸಿ, ಉತಾರದ ಸಹಿತ ದಯಾತ್ಮಕ ಧನಕ್ಕೆ ಅರ್ಜಿ ಕೊಟ್ಟು, ಪೋಚಾವತಿಯನ್ನು ಕಡ್ಡಾಯವಾಗಿ ಪಡೆಯಿರಿ. ಒಬ್ಬೊಬ್ಬರ ಅರ್ಜಿ ಕಪಾಟಿನಲ್ಲಿ ಮಲಗುತ್ತದೆ, ಐವತ್ತು ಒಟ್ಟಿಗೆ ಹೋದರೆ ಕಪಾಟು ಸಾಲದು. ನನ್ನ ಅರ್ಜಿಯ ನಕಲನ್ನು ಸಂಘದ ಕಾರ್ಯದರ್ಶಿಗಳ ಬಳಿ ಕೊಟ್ಟಿದ್ದೇನೆ. ಹಾನಿಯಾದ ಸದಸ್ಯರು ತಮ್ಮದನ್ನೂ ಬರುವ ಮಾಸಿಕ ಸಭೆಯ ಮೊದಲು ತಲುಪಿಸಿದರೆ, ಎಲ್ಲವನ್ನೂ ಸೇರಿಸಿ ಒಂದೇ ಮನವಿಯಾಗಿ ಕಳುಹಿಸಲು ಅವರು ಒಪ್ಪಿದ್ದಾರೆ.